ಮಂಚದ ಕಬ್ಬಿಣದ ಸ್ಟ್ಯಾಂಡು

ಜೂನ್ 10, ಸೋಮವಾರ

ಬಿಳಿಚೋಡಿನಿಂದ ಇವರನ್ನ ಕರ್ಕಂಡು ಬಂದು ಈಗ ಕುಂತೆ. ನಮ್ಮ ನ್ಯಾಮತಿಯಿಂದ ಬಿಳಿಚೋಡು ಅಂದ್ರೆ ಹೊನ್ನಾಳಿ ದಾಟಿ, ದಾವಣಗೆರೆ ಊರೊಳಗಿನ ಗದ್ಲ ದಾಟಿ, ಜಗಳೂರು ರೋಡು ಹಿಡೀಬೇಕು. ಅಷ್ಟು ದೂರ ಬೈಕ್ ಹೊಡ್ಕಂಡು ಹೋಗ್ಯಾರೆ ಈ ಪುಣ್ಯಾತ್ಮ, ಒಂದು ಗೀರೂ ಆಗ್ದಂಗೆ. ವಾಪಸ್ ಬರಾಕೆ ಮಾತ್ರ ಮನೆ ಎಲ್ಲೈತೆ ಅಂತ ನೆನಪಾಗಿಲ್ಲ.

ಅಲ್ಲಿ ಕೊಟ್ರಮ್ಮ ಅಂತ ಒಬ್ಬಾಕೆ, ಕಿರಾಣಿ ಅಂಗಡಿ ಇಟ್ಟಾಳೆ. ಅವಳ ಅಂಗಡಿ ಮುಂದೆ ಗಾಡಿ ನಿಲ್ಸಿ, "ಈ ವಾರ ಎಷ್ಟು ಕೆಜಿ ಬರ್ಕಳ್ಲಿ?" ಅಂದ್ರಂತೆ. ಟೀ ಪುಡಿ ಕಂಪನಿಯೋರು ಇವರನ್ನ ಬಿಡಿಸಿ ವರ್ಷದ ಮೇಲಾತು. ಆಕೆ ಜಾಣೆ, ಕುಂದ್ರಿಸಿ ಮಂಡಕ್ಕಿ ಕೊಟ್ಟು, ಇವರ ಜೇಬಿನಾಗಿನ ಫೋನು ತಗಂಡು ನನಗೆ ಮಾಡಿದ್ಲು. ನಾನು ಹೋದಾಗ, "ಜಯದೇವಪ್ಪಾರು ಮೊದ್ಲಿನಂಗಿಲ್ಲ ಬಿಡ್ರಿ" ಅಂತ ಕಣ್ಣಾಗೆ ನೀರು ತಂದ್ಕಂಡ್ಲು. ನನಗೆ ಬರಲಿಲ್ಲ. ನನಗೆ ಸಿಟ್ಟು ಬಂತು.

ಬಸ್ಸಿನಾಗೆ ಇವರನ್ನ ಕಿಟಕಿ ಕಡೆ ಕುಂದ್ರಿಸ್ಕಂಡು ಬಂದೆ. ಗಾಡಿನ ನನ್ನ ತಮ್ಮ ಸಿದ್ದಲಿಂಗೇಶ ಹೊಡ್ಕಂಡು ಬಂದ. "ಅಕ್ಕಾ, ಇದನ್ನ ಮಾರಿಬಿಡು, ಪೀಡೆ ಹೋಗ್ಲಿ" ಅಂದ. ಮಾರು ಅಂದೆ. ಯಾರಾದ್ರೂ ಸಿಕ್ಕಿದ್ರೆ ನಾಳೇನೇ ಮಾರು ಅಂದೆ.

ಜೂನ್ 13, ಗುರುವಾರ

ಮದುವೆ ಆದಾಗ್ನಿಂದ ಇವರದ್ದು ಟೀ ಪುಡಿ ಲೈನು. ಸೋಮವಾರ ಹೊನ್ನಾಳಿ, ಮಂಗಳವಾರ ಚನ್ನಗಿರಿ, ಹಿಂಗೆ ದಿನಕ್ಕೊಂದು ದಿಕ್ಕು. ಸೀಟಿನ ಹಿಂದೆ ಬಾಕ್ಸು ಕಟ್ಕಂಡು ಹೋಗೋದು, ಅಂಗಡಿ, ಹೋಟ್ಲು ಸುತ್ತೋದು, ಕತ್ಲಾದ ಮೇಲೆ ಬರೋದು. ಆ ಬಾಕ್ಸಿನ ದೆಸೆಯಿಂದ ನಾನು ಆ ಗಾಡಿ ಮೇಲೆ ಕುಂತಿದ್ದೇ ಇಲ್ಲ ಅನ್ನಬಹುದು. ಹೊನ್ನಾಳಿ ತವರಿಗೂ ಬಸ್ಸಿನಾಗೇ ಹೋಗಿ ಬಂದೋಳು ನಾನು.

ಶಿವಮೊಗ್ಗದ ಡಾಕ್ಟ್ರು ಇದು ಮರೆವಿನ ಕಾಯಿಲೆ, ಗುಣ ಆಗಲ್ಲ, ಗಾಡಿ ಮಾತ್ರ ಕೊಡಬ್ಯಾಡ್ರಿ ಅಂದಾರೆ. ಹೇಳಾಕೇನು, ಹೇಳ್ತಾರೆ. ಕೀ ಬಚ್ಚಿಟ್ಟೆ. ಹಳೇ ಗಾಡಿ ಅದು, ಬೀರುವಿನ ಕೀ ಹಾಕಿ ತಿರುವಿದ್ರು, ಸ್ಟಾರ್ಟ್ ಆತು. ಅಷ್ಟು ಬುದ್ಧಿ ಐತೆ, ಮಗಳ ಹೆಸರು ಮಾತ್ರ ಬರಲ್ಲ. ಆಮೇಲೆ ದಿನಾ ಬೆಳಿಗ್ಗೆ ಟಯರ್ ಗಾಳಿ ಬಿಡಾಕೆ ಶುರು ಮಾಡಿದೆ. ಆ ಚಪ್ಪಟೆ ಗಾಡಿನೇ ಪಂಕ್ಚರ್ ಅಂಗಡಿ ತನಕ ನೂಕ್ಕಂಡು ಹೋಗ್ತಾರೆ.

ಹೋಗಾಕೆ ಮುಂಚೆ ತೊಳೀಬೇಕು. ಬಂದ ಮೇಲೆ ತೊಳೀಬೇಕು. ಸುಮ್ನೆ ಕುಂತ್ರೂ ಎದ್ದು ಹೋಗಿ ತೊಳೀಬೇಕು. ಅಂಗಳ ಗದ್ದೆ ಆಗೈತೆ. ಬ್ಲೌಸ್ ಹೊಲಿಸಾಕೆ ಬರೋರು ಚಪ್ಪಲಿ ಕೈಯಾಗೆ ಹಿಡ್ಕಂಡು ಬರ್ತಾರೆ, ನಾನು ನಕ್ಕಂಗೆ ಮಾಡ್ತೀನಿ. ಸಾಕಾಗಿ ಹೋಗೈತೆ ಈ ಬಾಳು.

ಜೂನ್ 18, ಮಂಗಳವಾರ

ಇವತ್ತು ಗಾಡಿ ತಾಗಿಸಿ ಒಂದು ಕೂಸನ್ನ ಕೆಡವ್ಯಾರೆ. ಸೈಕಲ್ ಮೇಲೆ ಸ್ಕೂಲಿಗೆ ಹೋಗೋ ಹುಡುಗಿ. ದೇವರು ದೊಡ್ಡೋನು, ಮೊಣಕಾಲು ತರಚಿದ್ದು ಬಿಟ್ರೆ ಏನೂ ಆಗಿಲ್ಲ. ಜನ ಸೇರಿ ಇವರ ಕಾಲರ್ ಹಿಡ್ಕಂಡು ಎರಡು ಏಟು ಹಾಕಿದ್ರು. ಇವರು ಆ ಹುಡುಗಿ ಸೈಕಲ್ ಎತ್ತಿ ನಿಲ್ಸಿ, ಚೈನು ಹಾಕಿ, ತಮ್ಮ ಪಂಚೆ ತುದಿಯಿಂದ ಒರೆಸ್ತಾ ಇದ್ರು. ಯಾಕೆ ಹೊಡೀತಾರೆ ಅಂತಾನೇ ಗೊತ್ತಾಗಿಲ್ಲ ಇವರಿಗೆ.

ಆ ಹುಡುಗಿ ತಾಯಿ ಕಾಲಿಗೆ ಬಿದ್ದು ಬಂದೆ. ಇನ್ನೊಂದು ಸಲ ಆದ್ರೆ ಯಾರ ಕೂಸು ಸಾಯ್ತದೋ, ಇವರೇ ಸಾಯ್ತಾರೋ. ಗಾಡಿ ಕೊಂಡ್ಕಳ್ಳೋರೂ ಸಿಕ್ಕಿಲ್ಲ. ಹೆಂಗಾದ್ರೂ ನಾನೇ ನಿಲ್ಲಿಸ್ಬೇಕು.

ಜೂನ್ 23, ಭಾನುವಾರ

ಒಂದು ಉಪಾಯ ಹೊಳೆದೈತೆ. ಹೊಲಿಗೆ ಮಿಷಿನ್ ತುಳೀತಾ ಇದ್ದಾಗ ಹೊಳೀತು. ಈ ಮಿಷಿನ್ ಚಕ್ರ ಬೆಳಗಿಂದ ಸಂಜೆ ತನಕ ತಿರುಗ್ತದೆ, ಒಂದು ಗೇಣೂ ಮುಂದಕ್ಕೆ ಹೋಗಲ್ಲ.

ಇವರಿಗೆ ಹೇಳಿದೆ, "ರೀ, ಗಾಡಿ ತೊಳೆಯಾಕೆ ಒಂದು ಸ್ಟ್ಯಾಂಡು ಮಾಡಾನ. ವಾಟರ್ ಸರ್ವಿಸ್ ಅಂಗಡಿನಾಗೆ ಇರ್ತದಲ್ಲ, ಹಂಗೆ. ನೀರು ಹರ್ಕಂಡು ಹೋಗ್ತದೆ, ಮೇಲೊಂದು ಶೀಟು ಹಾಕಿದ್ರೆ ಗಾಡಿ ನೆನೆಯಲ್ಲ."

ಮುಖ ಅರಳ್ತು ನೋಡು. ಎಷ್ಟು ತಿಂಗಳಾಗಿತ್ತೋ ಹಂಗೆ ಅರಳಿ. "ಹಿಂದಿನ ಚಕ್ರ ಎತ್ತರದಾಗೆ ಇರಬೇಕು ಹೇಮಾ, ತಿರುಗಿಸಿ ತೊಳೆಯಾಕೆ ಬರಬೇಕು" ಅಂದ್ರು. ಅದೇ ಬೇಕಾಗಿತ್ತು ನನಗೆ. ಹಿಂದಿನದು ಗಾಳಿನಾಗೆ, ಮುಂದಿನದು ಕಬ್ಬಿಣದಾಗೆ.

ಅಟ್ಟದ ಮೇಲೆ ನನ್ನ ತವರಿನೋರು ಕೊಟ್ಟ ಕಬ್ಬಿಣದ ಮಂಚ ಬಿಚ್ಚಿಟ್ಟಿತ್ತು. ಇಳಿಸಿದೆ.

ಜೂನ್ 27, ಗುರುವಾರ

ಕೈಯೆಲ್ಲಾ ಬೊಬ್ಬೆ, ಆದ್ರೂ ಬರೀತೀನಿ.

ಅಂಗಳಕ್ಕೆ ಇಳಿಜಾರು ಮಾಡಿ ಚಪ್ಪಡಿ ಕಲ್ಲು ಕೂರಿಸಿದ್ವಿ. ಗಾಡಿ ಮುಖ ಮನೆ ಬಾಗ್ಲ ಕಡೆ ಬರೋ ಹಂಗೆ. ಗ್ರಿಲ್ ಕೆಲಸದ ರಘುನಾಥನ ಹತ್ರ ಮಂಚದ ಪಟ್ಟಿ ಕೊಯ್ಸಿ, ಮುಂದಿನ ಚಕ್ರ ಕೂರಾಕೆ ಒಂದು ಚೌಕಟ್ಟು ಮಾಡಿಸ್ದೆ. ಅಳತೆ ನಾನೇ ಕೊಟ್ಟಿದ್ದೆ, ನನ್ನ ಹೊಲಿಗೆ ಟೇಪಿನಾಗೆ. ಬಟ್ಟೆ ಅಳತೆ ತಪ್ಪದ ಕೈ ಇದು. ಚಕ್ರ ಇಳಿಸಿದ್ರೆ ಒಳಗೆ ಗಡಗಡ ಅಲ್ಲಾಡ್ತೈತೆ.

ಇವರು ಬಗ್ಗಿ ನೋಡಿ, ಚಕ್ರ ಒತ್ತಿ ನೋಡಿ, ನಕ್ಕರು. "ಗಾಳಿ ಇಲ್ದಾಗ ಅಳತೆ ತಗಂಡೀಯ ನೀನು. ಗಾಳಿ ಹೋದ ಟಯರು ಅಗಲ ಆಗಿರ್ತದೆ, ತುಂಬಿದ ಮೇಲೆ ಸಣ್ಣ ಆಗ್ತದೆ. ಯಾರು ಬಿಟ್ಟಿದ್ರು ಗಾಳಿ?"

ನಾನು ಟೇಪು ಸುತ್ತಿಟ್ಟೆ. "ಏನೋ ಮುಳ್ಳು ಚುಚ್ಚಿರಬೇಕು" ಅಂತ ತಾವೇ ಅಂದ್ಕಂಡ್ರು.

ಆಮೇಲೆ ಹಳೇ ಟ್ಯೂಬು ಸೀಳಿ, ಮಡಚಿ, ಚೌಕಟ್ಟಿನ ಒಳಗೆ ಎರಡೂ ಕಡೆ ಕೊಟ್ರು. ಚಕ್ರ ಇಳಿಸಿದ್ರೆ ಈಗ ಅಲ್ಲಾಡಲ್ಲ. ಡಬಲ್ ಸ್ಟ್ಯಾಂಡಿನ ಕಾಲಿಗೆ ಕೊಂಡಿ ಹಾಕಿ ಕಲ್ಲಿಗೆ ಬೋಲ್ಟು ಹೊಡೆದ್ರೆ ಗಾಡಿ ಜಾರಲ್ಲ ಅಂತ ಅದನ್ನೂ ಅವರೇ ಹೇಳಿದ್ರು. ಪಾನಾ ಹಿಡ್ದು ನಟ್ಟು ಬಿಗಿಯೋವಾಗ ಕೈ ನಡುಗಲಿಲ್ಲ. ಅಂಗಿ ಗುಂಡಿ ಹಾಕ್ಕಳ್ಳಾಕೆ ಬರಲ್ಲ ಈ ಕೈಗೆ, ಪಾನಾ ಹಿಡ್ದ್ರೆ ಎಲ್ಲಾ ಬರ್ತದೆ.

"ಬಿಗಿ ಐತಾ ನೋಡು ಹೇಮಾ" ಅಂದ್ರು.

ನೋಡಿದೆ. ಬಿಗಿ ಇತ್ತು. ಒಳಗೆ ಹೋಗಿ ಅಡುಗೆ ಮನ್ಯಾಗೆ ನಿಂತು ಅತ್ತುಬಿಟ್ಟೆ. ತಮ್ಮ ಕೈಯಾರೆ ತಮಗೇ ಬೀಗ ಹಾಕ್ಕಂಡ್ರು, ನಾನು ಹಾಕಿಸ್ದೆ.

ಜುಲೈ 1, ಸೋಮವಾರ

ಬೆಳಿಗ್ಗೆ ಪಾನಾ ತಗಂಡು ಬಂದು ತಾವೇ ಬಿಗಿದಿದ್ದ ನಟ್ಟು ತಾವೇ ಬಿಚ್ಚಿದ್ರು. ಗೇಟು ದಾಟೋಷ್ಟ್ರಾಗೆ ಪಕ್ಕದ ಮನೆ ಲಕ್ಷ್ಮಕ್ಕ ಅಡ್ಡ ನಿಂತ್ಲು. ಇಲ್ದಿದ್ರೆ ಹೋಗೇಬಿಡ್ತಿದ್ರು.

ಇವರು ಮಲಗಿದ್ದಾಗ ರಘುನಾಥನ್ನ ಕರ್ಸಿ ನಟ್ಟೆಲ್ಲಾ ಬೋಲ್ಟಿಗೆ ವೆಲ್ಡ್ ಮಾಡಿಸಿಬಿಟ್ಟೆ. ಅವನು, "ಅಕ್ಕಾರೆ, ಮತ್ತೆ ಬಿಚ್ಚಾಕೆ ಬರಲ್ಲ, ಕೊಯ್ಯಬೇಕಾಗ್ತದೆ" ಅಂದ. ಗೊತ್ತು, ಮಾಡಪ್ಪಾ ಅಂದೆ.

ಜುಲೈ 2, ಮಂಗಳವಾರ

ಪಾನಾ ಹಾಕ್ತಾರೆ, ತಿರುಗಲ್ಲ. ಮತ್ತೆ ಹಾಕ್ತಾರೆ. ಊಟಕ್ಕೆ ಕರೆದ್ರೂ ಎದ್ದು ಬರಲಿಲ್ಲ. ಕೊನೆಗೆ ವೆಲ್ಡಿಂಗ್ ಗಂಟಿನ ಮೇಲೆ ಬೆರಳಾಡಿಸ್ತಾ, "ಯಾರೋ ಮಾಡ್ಯಾರೆ ಇದನ್ನ. ನಾನು ಯಾರಿಗೆ ಏನು ಮಾಡಿದ್ದೆ?" ಅಂದ್ರು.

ನನ್ನನ್ನೇ ಕೇಳಿದ್ರು.

ಜುಲೈ 15, ಸೋಮವಾರ

ಗಾಡಿ ತೊಳೆಯೋದೂ ಬಿಟ್ರು. ಗೋಡೆ ಕಡೆ ಮುಖ ಮಾಡಿ ಮಲಗ್ತಾರೆ. ಉಣ್ಣು ಅಂದ್ರೆ ಎರಡು ತುತ್ತು. ಮಾತು ಇಲ್ಲ. ಅಂಗಳ ಒಣಗೈತೆ, ಗಿರಾಕಿಗಳು ಚಪ್ಪಲಿ ಹಾಕ್ಕಂಡೇ ಬರ್ತಾರೆ.

ಜುಲೈ 16, ಮಂಗಳವಾರ

ಗಾಡಿ ನಿಲ್ಲಿಸಾಕೆ ಹೋಗಿ ಮನುಷ್ಯನ್ನೇ ನಿಲ್ಲಿಸಿಬಿಟ್ಟೆ.

ಜುಲೈ 28, ಭಾನುವಾರ

ಸಿದ್ದಲಿಂಗೇಶ ಗಾಡಿ ನೋಡಾಕೆ ಒಬ್ಬನ್ನ ಕರ್ಕಂಡು ಬಂದಿದ್ದ. ಆಗ್ಲಿ, ಕೊಯ್ಸಿ ಕೊಡ್ತೀನಿ ಅಂದೆ. ಆ ಮನುಷ್ಯ ಇಂಜಿನ್ ನೋಡಾಕೆ ಕಿಕ್ಕರಿಗೆ ಒಂದು ಒದೆ ಒದ್ದ. ಗಾಡಿ ಗುರ್ ಅಂತು. ಹಿಂದಿನ ಚಕ್ರ ಗಾಳಿನಾಗೆ ತಿರುಗ್ತು.

ಒಳಗಿಂದ ಇವರು ಎದ್ದು ಬಂದ್ರು. ಯಾರೂ ಎಬ್ಬಿಸಿರಲಿಲ್ಲ. ಬಂದೋನ್ನ ಪಕ್ಕಕ್ಕೆ ಸರಿಸಿ ಗಾಡಿ ಹತ್ತಿ ಕುಂತು, ಕ್ಲಚ್ ಹಿಡ್ದು ಗೇರ್ ಹಾಕಿದ್ರು. ನನ್ನ ಜೀವ ಬಾಯಿಗೆ ಬಂತು, ಗಾಡಿ ಕಿತ್ಕಂಡು ಹಾರ್ತದೇನೋ ಅಂತ. ಅಲ್ಲಾಡಲಿಲ್ಲ. ಇವರು ಗಾಡಿ ಹೊಡೀತಾ ಇದ್ರು. ಬೆನ್ನು ನೆಟ್ಟಗಿತ್ತು. ಎದುರಿಗೆ ನನ್ನ ಮನೆ ಗೋಡೆ, ಇವರು ನೋಡ್ತಿದ್ದಿದ್ದು ಗೋಡೆ ಅಲ್ಲ. ತಿರುವು ಬಂದಾಗ ಸ್ವಲ್ಪ ವಾಲಿದ್ರು.

"ಬಾಕ್ಸ್ ಕಟ್ಟು ಹೇಮಾ, ಹೊತ್ತಾತು" ಅಂದ್ರು.

ಗಾಡಿ ನೋಡಾಕೆ ಬಂದೋನು ಹೆದರಿ ಹೋದ. ತಮ್ಮ, "ಹೊಗೆ ಬ್ಯಾರೆ, ಸದ್ದು ಬ್ಯಾರೆ, ಏನಕ್ಕಾ ಇದು?" ಅಂತ ಬೈದ. ನಾನು ಖಾಲಿ ಬಾಕ್ಸು ಹುಡುಕ್ತಾ ಇದ್ದೆ.

ಇವತ್ತು ಎರಡು ರೊಟ್ಟಿ ಉಂಡ್ರು.

ಆಗಸ್ಟ್ 5, ಸೋಮವಾರ

ದಿನಾ ಬಾಕ್ಸು ಕಟ್ಟೋದು, ಬಿಚ್ಚೋದು, ಕೈ ನೋವು. ಸಿಟ್ಟಿನಾಗೆ ಅದನ್ನ ಎತ್ತಿಟ್ಟು ನಾನೇ ಹಿಂದೆ ಕುಂತೆ. "ನಡೀರಿ, ಎಲ್ಲಿಗೆ ಹೋಗ್ತೀರೋ ನಾನೂ ನೋಡ್ತೀನಿ" ಅಂದೆ. ಸೆರಗು ಚಕ್ರಕ್ಕೆ ಸಿಗ್ದಂಗೆ ಸೊಂಟಕ್ಕೆ ಸಿಗಿಸ್ಕಂಡಿದ್ದೆ.

"ಗಟ್ಟಿ ಹಿಡ್ಕ" ಅಂದ್ರು.

ಲಕ್ಷ್ಮಕ್ಕ ಕಾಂಪೌಂಡ್ ಮೇಲಿಂದ ಇಣುಕಿ, "ಎಲ್ಲಿಗೆ ಹೊಂಟ್ರಿ ಗಂಡ ಹೆಂಡ್ತಿ?" ಅಂತ ನಗಾಡಿದ್ಲು. ಹೊನ್ನಾಳಿಗೆ ಅಂದೆ. ನಾಚಿಕೆ ಆತು. ಇಳಿದ ಮೇಲೆ ಬೆನ್ನು ಹಿಡ್ಕಂಡಿತ್ತು.

ಆಗಸ್ಟ್ 22, ಗುರುವಾರ

ಗುರುವಾರ ಬಿಳಿಚೋಡು ಲೈನು. ದೂರದ್ದು ಅಂತ ಬೇಗ ತಲೆ ಬಾಚ್ಕಂಡು, ಹಸಿರು ಸೀರೆ ಉಟ್ಕಂಡೆ. ಮದುವೆ ಬಟ್ಟೆ ಹೊಲಿಯೋದು ಬಾಕಿ ಐತೆ, ಗಿರಾಕಿಗೆ ಸಂಜೆ ಬಾ ಅಂದೆ.

ಈಗ ನನಗೆ ಲೈನೆಲ್ಲಾ ಬಾಯಿಪಾಠ. ಹೊನ್ನಾಳಿ ಹೊಳೆ ಸೇತುವೆ ಮೇಲೆ ಹೋಗೋವಾಗ ಇವರು ಒಂದು ಕೈ ಬಿಟ್ಟು ಕೈ ಮುಗೀತಾರೆ. ನಾನೂ ಮುಗೀತೀನಿ. ಅಂಗಡಿ ಬಂತು ಅಂದ್ರೆ ಬ್ರೇಕ್ ಹಾಕ್ತಾರೆ. ಆವಾಗ ನಾನು ಅಂಗಡಿಯೋಳು ಆಗಬೇಕು.

"ಜಯದೇವಪ್ಪಾರೆ, ಹೋದ ಸಲದ ಪುಡಿ ಬಣ್ಣಾನೇ ಬರಲಿಲ್ಲ" ಅಂದೆ ಇವತ್ತು, ಕೊಟ್ರಮ್ಮನ ದನಿ ಮಾಡಿ.

"ನೀವು ಹಾಲಿಗೆ ನೀರು ಜಾಸ್ತಿ ಹಾಕ್ತೀರಿ, ಪುಡಿಗೆ ಬೈತೀರಿ" ಅಂದ್ರು. ಎಷ್ಟು ಚೆಂದ ಮಾತಾಡ್ತಾರೆ. ಅವಳ ಮಗನ ಪರೀಕ್ಷೆ ಕೇಳಿದ್ರು, ಅವಳ ಹಲ್ಲುನೋವು ಕೇಳಿದ್ರು. ಮನ್ಯಾಗೆ ಬಂದ್ರೆ ಬಾಯಿ ಹೊಲಿದಂಗೆ ಇರ್ತಿದ್ರು ಈ ಮನುಷ್ಯ. ನನಗೆ ಒಂದು ದಿನ ತಲೆ ನೋವಾ ಅಂತ ಕೇಳಿಲ್ಲ. ಊರೆಲ್ಲಾ ಮಾತು ಹಂಚಿ ಬರಿಗೈಯಾಗೆ ಮನೆಗೆ ಬರ್ತಿದ್ರೋ ಏನೋ. ಹೊಟ್ಟೆ ಉರೀತು ನನಗೆ, ಆ ಕೊಟ್ರಮ್ಮನ ಮೇಲೆ.

ವಾಪಸ್ ಬರೋವಾಗ ಮಾತು ಕಮ್ಮಿ. ದಣಿದಿರ್ತಾರೆ. ನಾನು ಬೆನ್ನಿಗೆ ಹಣೆ ಇಟ್ಕಂಡು ಕುಂತಿದ್ದೆ. ಅಂಗಿ ಸೋಪಿನ ವಾಸನೆ ಬರ್ತಿತ್ತು. ಇಳಿಯೋವಾಗ ಗ್ಯಾಸಿನ ಮೇಲೆ ಬೇಳೆ ಹತ್ತಿಹೋಗಿತ್ತು.

ಅಕ್ಟೋಬರ್ 11, ಶುಕ್ರವಾರ

ಆಯುಧ ಪೂಜೆ. ಗಾಡಿ ತೊಳೆಯಾಕೆ ಪೈಪು ಕೈಗೆ ಕೊಟ್ಟೆ. ಪೈಪು ಹಿಡ್ಕಂಡು ನಿಂತ್ರು, ನೀರು ಕಾಲ ಮೇಲೆ ಹರೀತಾ ಇತ್ತು. ಏನು ಮಾಡಬೇಕು ಅಂತ ತೋಚಲಿಲ್ಲ ಅವರಿಗೆ. ನಾನೇ ತೊಳೆದೆ. ಹಿಂದಿನ ಚಕ್ರ ತಿರುವಿ ತಿರುವಿ ತೊಳೆಯಾಕೆ ಬರ್ತದೆ, ಸ್ಟ್ಯಾಂಡು ಚೆನ್ನಾಗಿ ಮಾಡೀವಿ.

ವಿಭೂತಿ ಹಚ್ಚಿ, ಚೆಂಡು ಹೂವಿನ ಹಾರ ಹಾಕಿ, ಮುಂದಿನ ಚಕ್ರದ ಎದುರಿಗೆ ನಿಂಬೆಹಣ್ಣು ಇಟ್ಟೆ. ಕೈಗೆ ಬಂದ ರೂಢಿ, ಇಟ್ಟುಬಿಟ್ಟೆ. ಆಮೇಲೆ ಹೊಳೀತು, ಈ ಗಾಡಿ ಮುಂದಕ್ಕೆ ಹೋಗಿ ಹಣ್ಣು ಒಡೆಯೋದು ಎಲ್ಲಿಂದ ಬಂತು. ಬೀದಿನಾಗೆ ಎಲ್ಲರ ಮನೆ ಗಾಡಿ ಹಣ್ಣು ಹತ್ತಿ ಮುಂದಕ್ಕೆ ಹೋದ್ವು. ಇವರು ಗಾಡಿ ಮೇಲೆ ಕುಂತು ಬಗ್ಗಿ ಬಗ್ಗಿ ನೋಡ್ತಿದ್ರು.

"ಒಡೀಲಿಲ್ಲ" ಅಂದ್ರು.

"ಈಗ ಒಡೀತದೆ" ಅಂದು ನಾನು ಕಾಲಲ್ಲಿ ತುಳಿದೆ. ಜಾರಿ ಬೀಳೋಳು ಹ್ಯಾಂಡಲ್ ಹಿಡ್ಕಂಡು ಉಳಿದೆ. ಪೂಜೆ ಹಣ್ಣು ಕಾಲಲ್ಲಿ ತುಳಿದ ಪಾಪ ನನಗಿರಲಿ. ಇವರಿಗೆ ಸಮಾಧಾನ ಆಗಲಿಲ್ಲ.

ಅಕ್ಟೋಬರ್ 29, ಮಂಗಳವಾರ

ಪೆಟ್ರೋಲ್ ಮುಗಿದೈತೆ. ಹಾಕಿಸ್ಬೇಕು ಅಂತ ಕ್ಯಾನು ತಗಂಡು ಚಪ್ಪಲಿ ಹಾಕ್ಕಂಡೆ. ನೋಡಿದ್ರೆ ಇವರು ಆಗ್ಲೇ ಕುಂತು ಹೊಡೀತಾ ಅದಾರೆ. ಸದ್ದಿಲ್ಲ, ಚಕ್ರ ತಿರುಗ್ತಿಲ್ಲ, ಕ್ಲಚ್ ಹಿಡೀತಾರೆ, ಗೇರ್ ಬದಲಾಯಿಸ್ತಾರೆ. ಅವರಿಗೆ ವ್ಯತ್ಯಾಸ ಗೊತ್ತಾಗಿಲ್ಲ.

ಕ್ಯಾನು ಕೆಳಗಿಟ್ಟೆ. ಹೊಗೆ ಇಲ್ದಿದ್ದು ಒಳ್ಳೇದೇ ಆತು ಅಂತ ಅಂದ್ಕಳ್ಳಾಕೆ ನೋಡಿದೆ, ಆಗಲಿಲ್ಲ. ಆ ಸದ್ದು ಕೇಳಿ ಎದ್ದು ಬಂದಿದ್ದೋರು ಇವರು. ಈಗ ಅದೂ ಬ್ಯಾಡ ಆತು. ಒಂದೊಂದೇ ಬಿಟ್ಟು ಹೊಂಟಾರೆ, ನಾನು ಹಿಂದೆ ಕುಂತು ನೋಡ್ತೀನಿ.

ನವೆಂಬರ್ 12, ಮಂಗಳವಾರ

ಸಿದ್ದಲಿಂಗೇಶ ಬಂದಿದ್ದ. ದಾವಣಗೆರೆನಾಗೆ ಇಂಥೋರನ್ನ ನೋಡ್ಕಳ್ಳೋ ಮನೆ ಐತಂತೆ, ಮಾತಾಡಿ ಬಂದಾನಂತೆ. "ನೀನು ಎಷ್ಟು ಸೊರಗಿದೀಯ ಕನ್ನಡಿ ನೋಡ್ಕ. ಮಗಳು ಚನ್ನಗಿರಿನಾಗೆ ಬಾಣಂತಿ, ಆಕೆ ಹತ್ರ ಹೋಗಿ ನಾಲ್ಕು ದಿನ ಇರು. ಆ ಗುಜರಿ ಕೊಯ್ಸಿ ಬಿಸಾಕು" ಅಂದ.

"ಆಗಲ್ಲಪ್ಪಾ, ಇವತ್ತು ಚನ್ನಗಿರಿ ಲೈನು" ಅಂದೆ.

ಅವನು ನನ್ನ ಮುಖ ನೋಡಿ ಟೀ ಪೂರ್ತಿ ಕುಡೀದೆ ಎದ್ದು ಹೋದ. ಏನು ತಪ್ಪು ಮಾತಾಡಿದ್ನೋ ತಿಳೀಲಿಲ್ಲ.

ನವೆಂಬರ್ 25, ಸೋಮವಾರ

ಬಾಗ್ಲು ಹಾಕಿ, ಸೆರಗು ಸಿಗಿಸ್ಕಂಡು ಹಿಂದೆ ಕುಂತೆ. ಇವರು ತಿರುಗಿ ನೋಡಿದ್ರು. ಟ್ಯಾಂಕಿನ ಕಡೆ ಸರಿದು, ನನಗೆ ಜಾಗ ಬಿಟ್ಟು, ಮೈ ತಾಗ್ದಂಗೆ ಕುಂತ್ರು.

"ಎಲ್ಲಿಗೆ ಹೋಗಬೇಕು ಅಕ್ಕಾರೆ?" ಅಂದ್ರು.

ತಮಾಷೆ ಮಾಡ್ತಾರೆ ಅಂದ್ಕಂಡೆ. ನ್ಯಾಮತಿಗೆ ಅಂದೆ.

"ಕುಂದ್ರಿ, ನಾನೂ ಅಲ್ಲಿಗೇ. ಈ ಹೊತ್ತಿನಾಗೆ ಬಸ್ಸು ಸಿಗಲ್ಲ ನಿಮಗೆ."

ತಮಾಷೆ ಅಲ್ಲ ಅದು. ಕೈ ಎಲ್ಲಿ ಇಡಬೇಕು ಅಂತ ತಿಳೀಲಿಲ್ಲ ನನಗೆ. ಸೀಟಿನ ಹಿಂದಿನ ಕಂಬಿ ಹಿಡ್ಕಂಡೆ. ಸ್ವಲ್ಪ ದೂರ ಹೋದ ಮೇಲೆ, ಮನ್ಯಾಗೆ ಯಾರ್ಯಾರು ಅದಾರೆ ಅಂತ ಕೇಳಿದೆ.

"ಹೆಂಡ್ತಿ ಅದಾಳೆ. ಹೇಮಾವತಿ ಅಂತ. ಬಾಯಿ ಜೋರು." ನಕ್ಕರು. "ಒಂದಿನಾನೂ ಈ ಕಡೆ ಎಲ್ಲಾ ಕರ್ಕಂಡು ಬಂದಿಲ್ಲ ಆಕೇನ. ಹಿಂದೆ ಬಾಕ್ಸ್ ಇರ್ತದೆ ನೋಡ್ರಿ. ಆದ್ರೂ ನಾನು ಹೋಗೋ ತನಕ ಉಣ್ಣಲ್ಲ. ಎಷ್ಟೊತ್ತಾದ್ರೂ ಕಾಯ್ತಾಳೆ."

ಯಾರು ಹೇಳಿದ್ರೋ ಇವರಿಗೆ. ನನಗೆ ಹಸಿವು ತಡಿಯಲ್ಲ. ಹೊತ್ತಿಗೆ ಸರಿಯಾಗಿ ಉಂಡು, ಬಾಯಿ ಒರೆಸ್ಕಂಡು, ಇವರ ತಟ್ಟೆ ಹಾಕಿಡೋಳು ನಾನು.

"ನ್ಯಾಮತಿ ಬಂತು, ಹುಷಾರಾಗಿ ಇಳೀರಿ" ಅಂದ್ರು. ಇಳಿದು ನನ್ನ ಅಂಗಳದಾಗೆ ನಿಂತೆ.

"ನೀವೂ ಇಳೀರಿ, ಉಣ್ಣೋ ಹೊತ್ತಾತು" ಅಂದೆ. "ಬಿಸಿ ರೊಟ್ಟಿ ಅದಾವೆ."

"ಬ್ಯಾಡ್ರಿ ಅಕ್ಕಾರೆ, ತಪ್ಪು ತಿಳ್ಕಬ್ಯಾಡ್ರಿ. ನಮ್ಮನೆ ಇನ್ನೂ ಮುಂದೈತೆ. ಆಕೆ ಕಾಯ್ತಿರ್ತಾಳೆ" ಅಂದು ಗೇರ್ ಹಾಕಿದ್ರು.

ಕೈ ಹಿಡ್ದು ಎಳೀಬಹುದಿತ್ತು, ಬೈಬಹುದಿತ್ತು. ಏನೂ ಮಾಡಲಿಲ್ಲ. ಒಳಗೆ ಬಂದು ಎರಡು ತಟ್ಟೆ ತೊಳೆದೆ, ರೊಟ್ಟಿ ಮುಚ್ಚಿಟ್ಟೆ, ಈ ಡೈರಿ ತಗಂಡು ಬಾಗ್ಲಾಗೆ ಕುಂತೆ. ಬಿಸ್ಲು ಗೋಡೆ ಏರೈತೆ. ಇವರು ಈ ಬಾಗ್ಲ ಕಡೆಗೇ ಮುಖ ಮಾಡ್ಕಂಡು ಇನ್ನೂ ಬರ್ತಾ ಅದಾರೆ. ನಾನು ಇನ್ನೂ ಉಂಡಿಲ್ಲ.